ಬಟ್ಟೆ ಕಟ್ಟಿದ ಹೀರೆಕಾಯಿ

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಹಿತ್ತಲಿಗೆ ಓಡುತ್ತಿದ್ದೆ. ಗೋಕಾಕದ ನಮ್ಮ ಮನೆಯ ಕಂಪೌಂಡಿಗೆ ಹಬ್ಬಿದ ಬಳ್ಳಿಯಲ್ಲಿ ಒಂದೇ ಒಂದು ಹೀರೆಕಾಯಿ ಬಲಿಯುತ್ತಿತ್ತು. ಉಳಿದವು ಹುಳ ಬಿದ್ದು ಹೋಗಿದ್ದವು. ಅದಕ್ಕೊಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದೆ. ಬಟ್ಟೆ ಕಟ್ಟಿದ್ದೆಂದರೆ ಬೀಜಕ್ಕೆ ಬಿಟ್ಟ ಕಾಯಿ, ಅಡುಗೆಗೆ ಯಾರೂ ಕೀಳುವುದಿಲ್ಲ. ಆದರೂ ನೆಮ್ಮದಿಯಿಲ್ಲ. ಮಂಗ ಬಂದರೆ? ಕೊಳೆತರೆ?

"ನನ್ನ ಬಿ.ಪಿ. ಗುಳಿಗಿ ನೆನಪಿರೂದಿಲ್ಲ ನಿನಗ, ಹೀರೀಕಾಯಿ ಮಾತ್ರ ದಿನಾ ನೋಡ್ತಿ," ಎಂದು ಯಜಮಾನರು ಕೆಣಕುತ್ತಿದ್ದರು.

ಆ ಬಳ್ಳಿಯ ಬೀಜ ಕಡ ತಂದದ್ದು. ಘೋಡಗೇರಿಯ ಹೆಂಗಸರು ಒಬ್ಬ ಅಜ್ಜಿಯ ಪಡಸಾಲೆಯಲ್ಲಿ ಬೀಜದ ಗಡಿಗೆಗಳನ್ನಿಟ್ಟಿದ್ದಾರೆ. ಬೇಕಾದವರು ಒಯ್ದು ಬಿತ್ತಬಹುದು. ಒಂದು ಹಿಡಿ ಒಯ್ದವರು ಎರಡು ಹಿಡಿ ತಂದು ಹಾಕಬೇಕು, ಅಷ್ಟೇ. ಈ ಗಿಡ್ಡ ಹೀರೆಯನ್ನು ಕೊಡುವಾಗ ಗಡಿಗೆಯ ತಳ ಕಾಣುತ್ತಿತ್ತು. ಅರ್ಧ ನನಗೆ ಕೊಟ್ಟು ಅರ್ಧ ಅಜ್ಜಿ ತಮ್ಮ ಹಿತ್ತಲಿಗೆ ಹಾಕಿಕೊಂಡರು. ಮಳೆಗಾಲದಲ್ಲಿ ಹೊಳೆ ಏರಿ ಅವರ ಹಿತ್ತಲೇ ಹೋಯಿತು. "ಇನ್ನ ನಿನ್ನ ಬಳ್ಳಿ ಒಂದ ಉಳದೈತವಾ," ಎಂದು ಅವರು ಫೋನಿನಲ್ಲಿ ಹೇಳಿದಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಕೊನೆಗೂ ಕಾಯಿ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನತೊಡಗಿತು. ನಾಳೆ ಕಿತ್ತರಾಯಿತೆಂದು ಹುಕ್ಕೇರಿಗೆ ಮದುವೆಗೆ ಹೋದೆ. ಊಟ ರುಚಿಸಲಿಲ್ಲ. ಸಂಜೆ ಬಂದು ನೋಡಿದರೆ ಬಳ್ಳಿ ಬರಿದು. ಕಾಯಿಯ ನಾರು ಮೈ ಉಜ್ಜಲೆಂದು ಬಚ್ಚಲಲ್ಲಿ ತೂಗುತ್ತಿತ್ತು.

ಅಂಕಲಗಿಯಿಂದ ಬಂದಿದ್ದ ಅತ್ತೆ ಹೊಸ್ತಿಲಲ್ಲಿ ಕೂತಿದ್ದರು.

"ಬೀಜ ಎಲ್ಲಿ ಅದಾವ್ರಿ?"

"ಒಣಗಿತ್ತಲ್ಲ, ಬಿಡಿಸಿದ್ನಿ. ಓಣ್ಯಾಗಿನ ಹೆಣ್ಣಮಕ್ಕಳು ಬಂದಿದ್ರು, ಅವ್ರ ಉಡ್ಯಾಗ ಹಾಕಿದ್ನಿ. ಮೂಡಲಗಿ ಬೀಗತಿನೂ ಒಯ್ದ್ಲು. ಬೀಜ ಕೇಳಿದವ್ರಿಗೆ ಇಲ್ಲ ಅನ್ನಾಕ ಬರತೈತೇನು?"

"ಅವು ಕಡದ ಬೀಜ ಇದ್ದೂರಿ!"

"ಹಂಗಂತ ನೀ ಹೇಳಿದ್ದೆಲ್ಲಿ?"

ಸಿಟ್ಟು ನೆತ್ತಿಗೇರಿತು. ಬಚ್ಚಲಿಗೆ ಹೋಗಿ, ಆ ನಾರನ್ನೇ ನೋಡುತ್ತ ಬಿಕ್ಕಿದೆ.

ಮರುದಿನ ಬರಿಗೈಯಲ್ಲಿ ಘೋಡಗೇರಿಗೆ ಹೋದೆ. ಬಸ್ಸಿನಲ್ಲಿ ಕಟ್ಟಿಕೊಂಡ ಮಾತೆಲ್ಲ ಅಜ್ಜಿಯ ಮುಂದೆ ಮರೆತುಹೋಯಿತು. ನಡೆದದ್ದನ್ನು ತೊದಲುತ್ತ ಹೇಳಿದೆ.

"ಯಾರ್ಯಾರ ಮನಿಗೆ ಹೋಗ್ಯಾವು?" ಎಂದರು. ಒಬ್ಬೊಬ್ಬರನ್ನೇ ಹೇಳಿದೆ. ಹೇಳಿದಷ್ಟೂ ಅವರ ಮುಖ ಅರಳಿತು.

"ನಾ ಒಂದ ಹಿತ್ತಲದಾಗ ಹಾಕಿದ್ನಿ, ಹೊಳಿ ಒಯ್ತು. ಊರೂರಿಗೆ ಹೋದದ್ದನ್ನ ಯಾವ ಹೊಳಿ ಒಯ್ಯತೈತಿ? ನಿಮ್ಮತ್ತಿ ಚಲೋ ಮಾಡ್ಯಾಳ ಬಿಡವಾ." ಆಮೇಲೆ ಬೆರಳೆತ್ತಿ, "ಆದ್ರ ನನ್ನ ಎರಡ ಹಿಡಿ ಬಿಡಂಗಿಲ್ಲ ನೋಡ!"

ಅಜ್ಜಿಗೇನೋ ನಿಶ್ಚಿಂತೆ. ನನಗೆ ಮೊದಲು ಒಂದು ಬಳ್ಳಿಯ ಚಿಂತೆಯಿತ್ತು, ಆ ಬೀಜಗಳೆಲ್ಲ ಬಳ್ಳಿಯಾಗಿ ಹಬ್ಬಿರುವ ಈಗ ಓಣಿಯ ಪ್ರತಿ ಕಂಪೌಂಡಿನೊಳಗೂ ಇಣುಕುತ್ತೇನೆ. ಮೊನ್ನೆ ಬಾಜೂ ಮನೆಯ ಬಳ್ಳಿಯಲ್ಲಿ ಒಂದು ಗಿಡ್ಡ ಕಾಯಿಗೆ ಹಳದಿ ಬಟ್ಟೆ ಕಟ್ಟಿತ್ತು. ಗಂಟು ಸಡಿಲವಾಗಿದೆ ಅನ್ನಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ. ಸೀರೆ ಎತ್ತಿ ಕಟ್ಟಿ, ಗೋಡೆ ಹತ್ತಿ, ಗಂಟು ಬಿಗಿದು ಬಂದೆ.