ಗಂಧದ ಗುಂಡಿ ಕಾದ ನಮ್ಮತ್ತೆ

ನಮ್ಮತ್ತೆಯ ಎಡಗೈ ಹೆಬ್ಬೆರಳ ಉಗುರು ನಡುವೆ ಸೀಳಿ ಎರಡಾಗಿಯೇ ಬೆಳೆಯುತ್ತಿತ್ತು. ಎಂದೋ ಮಚ್ಚು ತಾಗಿ ಆದದ್ದು. ಚಳಿಗಾಲದಲ್ಲಿ ಆ ಸೀಳಿಗೆ ಮರದ ಸೊನೆ ಹೊಕ್ಕು ಕಪ್ಪು ಗೆರೆ ನಿಂತರೆ, ಸೀಗೆಪುಡಿ ಹಾಕಿ ತಿಕ್ಕಿದರೂ ಯುಗಾದಿಯವರೆಗೆ ಹೋಗುತ್ತಿರಲಿಲ್ಲ. ನಾನು ಸೊಸೆಯಾಗಿ ಹೊಸಿಲು ದಾಟಿದ ದಿನ ನನ್ನ ಗಲ್ಲ ಎತ್ತಿ ನೋಡಿದ್ದು ಅದೇ ಬೆರಳು. "ಮಚ್ಚು ಹಿಡಿಯಕ್ಕೆ ಬರ್ತದಾ?" ಅಂದರು. ಬೇರೇನೂ ಕೇಳಲಿಲ್ಲ.

ದೊಡ್ಡಬಳ್ಳಾಪುರದ ಕಡೆಯ ಮಧುರೆಯಿಂದ ಎರಡು ಮೈಲಿ ದೂರದ ನಮ್ಮೂರಿನಲ್ಲಿ ಅವರಿಗೆ ಎರಡೂವರೆ ಎಕರೆ ತೋಪಿತ್ತು. ಹೊಂಗೆ, ನೇರಳೆ, ಹಿಪ್ಪೆ, ಅಂಚಿನುದ್ದಕ್ಕೂ ಸರ್ವೆ, ನಡುವೆ ಒಂದು ಹಳೇ ಅತ್ತಿಮರ. ಅದು ಯುದ್ಧದ ಕಾಲ. ಬಸ್ಸುಗಳು ಕೂಡ ಇದ್ದಿಲು ತಿಂದು ಓಡುತ್ತಿದ್ದವು; ಸುತ್ತಲಿನ ತೋಪುಗಳೆಲ್ಲ ಒಂದೊಂದಾಗಿ ಗಾಡಿ ಹತ್ತಿ ಬೆಂಗಳೂರು ಸೇರಿದವು. ನಮ್ಮತ್ತೆ ಮಾತ್ರ ಒಣಗಿದ್ದನ್ನು, ಒತ್ತಾಗಿ ಬೆಳೆದದ್ದನ್ನು ಬಿಟ್ಟು ಬೇರೆ ಯಾವ ಮರಕ್ಕೂ ಕೊಡಲಿ ತಾಗಿಸಲಿಲ್ಲ.

ಪುಷ್ಯ ಬಂತೆಂದರೆ ನಾವಿಬ್ಬರೂ ಮಂಜು ಕರಗುವ ಮೊದಲೇ ತೋಪಿನಲ್ಲಿರುತ್ತಿದ್ದೆವು. ಒಣಕೊಂಬೆ ಇಳಿಸುವುದು, ಸೌದೆ ಸೀಳಿ ಒಟ್ಟುವುದು, ಬೇಸಿಗೆಯಲ್ಲಿ ಬೆಂಕಿ ನುಗ್ಗದಂತೆ ತೋಪಿನ ಸುತ್ತ ತರಗು ಗುಡಿಸಿ ಬರಿನೆಲ ಮಾಡುವುದು. ಬಿಸಿಲೇರಿದಾಗ ಒಂದಿಷ್ಟು ತರಗಿಗೆ ಬೆಂಕಿ ಇಟ್ಟು, ಸೊಗಡವರೆಯನ್ನು ಸಿಪ್ಪೆ ಸಮೇತ ಕೆಂಡಕ್ಕೆ ಎಸೆಯುತ್ತಿದ್ದರು. ಮೂತಿಯೆಲ್ಲ ಮಸಿ ಮಾಡಿಕೊಂಡು ತಿನ್ನುತ್ತ, "ಚಳೀಲಿ ಮರಕ್ಕೆ ನಿದ್ದೆ ಕಣೆ, ಏಟು ಬಿದ್ರೂ ತಿಳಿಯಲ್ಲ. ಮನುಷ್ಯಂಗೆ ಹಂಗಲ್ಲ" ಅನ್ನುತ್ತಿದ್ದರು.

ತಿಂದಾದ ಮೇಲೆ ಅತ್ತಿಮರದ ಆಚೆಗಿದ್ದ ಒಂದು ಗುಂಡಿಗೆ ಇಳಿದು, ಅದರೊಳಗೆ ಬಿದ್ದ ತರಗನ್ನು ಬಾಚಿ ಬಾಚಿ ಹೊರಹಾಕುತ್ತಿದ್ದರು. ಮೊದಲ ವರ್ಷ ನನಗದು ಅರ್ಥವಾಗಲಿಲ್ಲ.

"ಇದನ್ನ ಮುಚ್ಚಿಬಿಡಬಾರದಾ ಅತ್ತೆಮ್ಮ?"

"ಮುಚ್ಚಿದ್ರೆ ಅವ್ನು ನಿಂತ್ಕೊಳ್ಳೋದೆಲ್ಲಿ?" ಅಂದರು.

ಆಮೇಲೆ ಹೇಳಿದರು. ಆ ಗುಂಡಿಯ ಜಾಗದಲ್ಲಿ ಮೊದಲು ಗಂಧದ ಮರವಿತ್ತು. ಗಂಧ ಯಾರ ನೆಲದಲ್ಲಿ ಬೆಳೆದರೂ ಸರ್ಕಾರದ್ದು. ಕಾಣೆಯಾದರೆ ನೆಲದವನ ಕುತ್ತಿಗೆಗೆ. ಒಂದು ಬೆಳಗ್ಗೆ ಮರ ಬೇರು ಸಮೇತ ಮಾಯವಾಗಿತ್ತು. ಊರ ಪಟೇಲ ಮಾವನವರತ್ತ ಕೈ ಮಾಡಿ, "ಇವನೇ ಕಿತ್ತು ಮಾರಿದ್ದು, ಕಣ್ಣಾರೆ ಕಂಡೆ" ಎಂದು ಸಾಕ್ಷಿ ನುಡಿದ. ಮಾವನವರನ್ನು ಕೈಗೆ ಹಗ್ಗ ಕಟ್ಟಿ ದೊಡ್ಡಬಳ್ಳಾಪುರದವರೆಗೆ ನಡೆಸಿಕೊಂಡು ಹೋದರಂತೆ. ಆರು ತಿಂಗಳ ಸೆರೆ ಮುಗಿಸಿ ಬಂದವರು ಮನೆಯಿಂದ ಹೊರಗೆ ಬರಲೇ ಇಲ್ಲ; ಆ ವರ್ಷವೇ ಕೆಮ್ಮಿ ಕೆಮ್ಮಿ ಹೋದರು. ಮರ ಕದ್ದವನು ಪಟೇಲನೇ. ಸಾಗಿಸಿದ ಗಾಡಿಯವನು ಸಾಯುವಾಗ ಅತ್ತೆಯನ್ನು ಕರೆಸಿ ಹೇಳಿದ. ಹೇಳಿ ಸತ್ತ. ಇನ್ನು ಸಾಕ್ಷಿ ಎಲ್ಲಿಯದು?

ನನ್ನ ಗಂಡ ಮೆತ್ತನೆಯ ಮನುಷ್ಯ. "ಬಿಟ್ಬಿಡವ್ವ, ಪಟೇಲರ ಸಾವಾಸ ನಮಗ್ಯಾಕೆ" ಅನ್ನುತ್ತಿದ್ದರು. ಅತ್ತೆ ಮಚ್ಚು ತೆಗೆದುಕೊಂಡು ತೋಪಿನ ಕಡೆ ನಡೆದುಬಿಡುತ್ತಿದ್ದರು.

ನಾನು ಬಂದ ಮೂರನೇ ಮಾಘದಲ್ಲಿ ಪಟೇಲನ ಮಗಳ ಮದುವೆ ಗೊತ್ತಾಯಿತು. ನಮ್ಮೂರಿನ ಯಾವ ಮದುವೆಗಾದರೂ ಚಪ್ಪರಕ್ಕೆ ಮೊದಲು ನೆಡುವ ಹಾಲುಗಂಬಕ್ಕೆ ಕೊಂಬೆ ಬರಬೇಕಾದದ್ದು ನಮ್ಮ ತೋಪಿನ ಅತ್ತಿಮರದಿಂದ. ಅಜ್ಜನ ಕಾಲದ ಕಟ್ಟಳೆ. ಬೇರೆಡೆಯಿಂದ ತಂದರೆ ಬೀಗರು ಯಾಕೆಂದು ಕೇಳುತ್ತಾರೆ. ಚಪ್ಪರದ ದಿನ ಓಲಗದವರನ್ನು ಮುಂದಿಟ್ಟುಕೊಂಡು ಊರೇ ಬಂತು. ಗಂಡಿನ ಕಡೆಯ ಹಿರಿಯರೂ ಇದ್ದರು. ಅತ್ತೆ ಮರಕ್ಕೆ ಬೆನ್ನು ಕೊಟ್ಟು, ಕೊಡಲಿ ಹಿಡಿದು ನಿಂತಿದ್ದರು.

"ಕೊಡ್ತೀನಿ. ಕೊಡಲ್ಲ ಅನ್ನಲ್ಲ. ಪಟೇಲಪ್ಪ ಆ ಗುಂಡಿಗಿಳಿದು, ಅಲ್ಲಿದ್ದ ಮರ ಯಾರು ಕಿತ್ತಿದ್ದು ಅಂತ ಹೇಳಲಿ."

ಓಲಗ ನಿಂತಿತು. ಊರಿನ ಹಿರಿಯರೊಬ್ಬರು ಗದರಿದರು. "ಶುಭಕಾರ್ಯಕ್ಕೆ ಅಡ್ಡ ಬರಬ್ಯಾಡ ಕಣಮ್ಮ!"

"ಅಡ್ಡ ಎಲ್ಲಿ ಬಂದೆ? ಮರ ಐತೆ, ಕೊಡಲಿ ಐತೆ. ಮಾತೊಂದು ಬರಬೇಕು."

ಪಟೇಲ ಮೊದಲು ನಕ್ಕ. ಆಮೇಲೆ ಬೈದ. ಬಿಸಿಲು ನೆತ್ತಿಗೆ ಬರುತ್ತಿತ್ತು; ಬೀಗರು ತಮ್ಮತಮ್ಮಲ್ಲೇ ಪಿಸುಗುಟ್ಟತೊಡಗಿದರು. ಕಡೆಗೆ ಅವನ ಹೆಂಡತಿಯೇ ಮುಂದೆ ಬಂದು, "ಹೇಳಿಬಿಡ್ರಿ, ಮಗಳ ಮುಖ ನೋಡ್ಕೊಂಡು ಹೇಳಿಬಿಡ್ರಿ" ಅಂದಳು. ಅವನಿಗೆ ಗೊತ್ತಿದ್ದದ್ದೆಲ್ಲ ಅವಳಿಗೂ ಗೊತ್ತಿತ್ತೆಂದು ಆಗ ಎಲ್ಲರಿಗೂ ತಿಳಿಯಿತು. ಅವನು ರುಮಾಲು ತೆಗೆದು ಗುಂಡಿಗಿಳಿದ. ಮಂಡಿಯಾಳದ ಆ ಗುಂಡಿಯಲ್ಲಿ ನಿಂತು, "ನಾನೇ" ಅಂದ.

"ಕೇಳಿಸ್ಲಿಲ್ಲ. ಅಲ್ಲಿ ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ."

"ನಾನೇ ಕಿತ್ತಿದ್ದು! ಅವನು ಕಳ್ಳ ಅಲ್ಲ!"

ಅತ್ತೆ ತಾವೇ ಮರ ಹತ್ತಿ, ನೆಟ್ಟಗಿನ ಒಳ್ಳೇ ಕೊಂಬೆಯೊಂದನ್ನು ಕಡಿದು ಇಳಿಸಿದರು. "ಹುಡುಗಿ ತಪ್ಪೇನೈತೆ, ನೂರು ಕಾಲ ಬಾಳಲಿ" ಅಂದರು. ಮದುವೆ ಸಾಂಗವಾಗಿ ನಡೆಯಿತು. ಪಟೇಲ ಎದುರಿಗೆ ಬಂದರೆ ಊರವರು ಎದ್ದು ನಿಲ್ಲುವುದು ಮಾತ್ರ ಅವತ್ತಿಗೆ ಮುಗಿಯಿತು. ಮರುದಿನ ನಾನು, "ಈಗ ಸಮಾಧಾನ ಆಯ್ತಾ ಅತ್ತೆಮ್ಮ?" ಎಂದು ಕೇಳಿದೆ. "ಇಲ್ಲ. ಹಸಿವು ಆಯ್ತು" ಎಂದು ನಕ್ಕು, ಎರಡು ಮುದ್ದೆ ಉಂಡರು.

ಸ್ವಾತಂತ್ರ್ಯ ಬಂದ ಮರುವರ್ಷದ ಚಳಿಯಲ್ಲಿ ಅವರು ಹಾಸಿಗೆ ಹಿಡಿದರು. ಪಕ್ಕದಲ್ಲಿ ಕೂತ ನೆಂಟರು, "ಮನಸ್ಸಲ್ಲಿರೋದನ್ನೆಲ್ಲ ಬಿಟ್ಬಿಡು, ಹಗುರಾಗಿ ಹೋಗು" ಅಂದರೆ, "ಯಾಕ್ ಬಿಡ್ಲಿ? ನಾನೇ ಬೆಳೆಸಿದ್ದು" ಅಂದರು. ಅವರಾಡಿದ ಕೊನೆಯ ಪೂರಾ ಮಾತು ಅದೇ.

ತೋಪಿನಲ್ಲೇ, ಮಾವನವರ ಪಕ್ಕ ಮಣ್ಣು ಮಾಡಿದೆವು. ಎಲ್ಲರೂ ಒಂದೊಂದು ಹಿಡಿ ಹಾಕಿ ಸರಿಯುತ್ತಿದ್ದಾಗ ಪಟೇಲನೂ ಬಂದ. ಮುದುಕನಾಗಿದ್ದ, ಕೋಲೂರಿಕೊಂಡಿದ್ದ. ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡ. ನನ್ನ ಗಂಡ ತಲೆ ತಗ್ಗಿಸಿದರು. ಮುಂದೆ ಹೋಗಿ ನಿಂತವಳು ನಾನು.

"ಕೈಲಿರೋದನ್ನ ಕೆಳಗೆ ಹಾಕಿ ಪಟೇಲರೇ," ಅಂದೆ. "ಅದೂ ನಮ್ಮದೇ."

ಅವನು ನನ್ನ ಮುಖವನ್ನೇ ನೋಡಿದ. ಬೆರಳು ಬಿಡಿಸಿ ಮಣ್ಣು ಕೆಡವಿ, ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಹೊರಟುಹೋದ.