ಕಸ್ತೂರಕ್ಕನ ಮಾತು, ನನ್ನ ಬೆರಳು

ನನ್ನ ಮೊಬೈಲಿಗೆ ಈಚೆಗೆ ಭಾರಿ ಸಭ್ಯತೆ ಬಂದಿದೆ. ಯಾರಾದರೂ ಏನಾದರೂ ಕಳಿಸಿದರೆ ಸಾಕು, ನಾನು ಯೋಚಿಸುವ ಮೊದಲೇ 'ಧನ್ಯವಾದಗಳು', 'ಖಂಡಿತ', 'ತುಂಬಾ ಸಂತೋಷ' ಎಂದು ಮೂರು ಉತ್ತರ ಜೋಡಿಸಿಟ್ಟಿರುತ್ತದೆ. ಒಂದನ್ನು ಒತ್ತಿದರೆ ಮುಗಿಯಿತು. ಮೊನ್ನೆ ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ನೀಲವ್ವ ಬಾಗಿಲಿಗೆ ಬಂದು, "ನಿಮ್ಮ ಬಿಲ್ಡಿಂಗಿನ ಗ್ರೂಪಿನ್ಯಾಗ ನಂದೊಂದು ಮಾತು ಹಾಕ್ರಿ" ಎಂದಳು. ಫೋನು ತೆರೆದರೆ ಆ ಮೂರು ಉತ್ತರಗಳು ಕೈಕಟ್ಟಿ ನಿಂತಿದ್ದವು. ನನಗೆ ಮುಖ ಬಿಸಿಯಾಯಿತು. ಒಂದು ಕಾಲದಲ್ಲಿ ಗೋವಾದ ಮಡಗಾಂವಿನಲ್ಲಿ ಫೋನಿನ ಈ ಸಭ್ಯ ಕೆಲಸವನ್ನು ನಾನೇ ಮಾಡುತ್ತಿದ್ದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಗದಗಿನ ಕಡೆ ಬಿ.ಎ. ಮುಗಿಸಿ ಬಂದ ನಾನು ಮಡಗಾಂವಿನ ಮಾರುಕಟ್ಟೆಯ ಹಿಂದೆ ಒಂದು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದೆ. ಆರು ಕಂಪ್ಯೂಟರು, ಒಂದು ಫ್ಯಾನು; ಕೆಳಗಿನ ಅಂಗಡಿಯ ಒಣಮೀನಿನ ವಾಸನೆ ಪುಕ್ಕಟೆ. ಗೋವಾದಲ್ಲಿರುವ ಕನ್ನಡಿಗರಿಗೆಂದು ನಾವು ಮೂವರು ಗೆಳೆಯರು ಅಂತರ್ಜಾಲದಲ್ಲಿ ಒಂದು ಹರಟೆಕಟ್ಟೆ ತೆರೆದಿದ್ದೆವು. ಕುಡಚಡೆಯ ಅದಿರು ಲಾರಿಗಳ ಚಾಲಕರು, ಉಸಗಾಂವದಲ್ಲಿ ಗಾರೆ ಕೆಲಸ ಮಾಡುವ ಗೌಂಡಿಗಳು, ಬ್ಯಾಂಕಿನವರು, ಮೇಷ್ಟ್ರುಗಳು ಎಲ್ಲ ಅಲ್ಲಿ ಸೇರಿದ್ದರು. ಬರೆದದ್ದನ್ನು ಅಳಿಸುವ ಅಧಿಕಾರ ನನ್ನದು. ಊರಲ್ಲಿ ನಮ್ಮ ಮನೆಯ ನಾಯಿಯೂ ನನ್ನ ಮಾತು ಕೇಳುತ್ತಿರಲಿಲ್ಲ. ಇಲ್ಲಿ ಒಂದು ಗುಂಡಿ ಒತ್ತಿದರೆ ಬ್ಯಾಂಕ್ ಮ್ಯಾನೇಜರರ ಮಾತೂ ಮಾಯ. ಮೊದಲ ದಿನವೇ ನಿಯಮ ಬರೆದು ಹಾಕಿದ್ದೆ: ಯಾರ ಮನಸ್ಸನ್ನೂ ನೋಯಿಸಬಾರದು, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸಬೇಕು.

ಟೈಪು ಬಾರದವರು ಕೆಫೆಗೆ ಬಂದು ಬಾಯಲ್ಲಿ ಹೇಳುತ್ತಿದ್ದರು, ನಾನು ಬರೆದು ಹಾಕುತ್ತಿದ್ದೆ. ಶಾಲೆಯಲ್ಲಿ ಪತ್ರಲೇಖನಕ್ಕೆ ನನಗೆ ಸದಾ ಹೆಚ್ಚು ಅಂಕ. ನಾನು ರಜಾ ಅರ್ಜಿ ಬರೆದರೆ ಮೇಷ್ಟ್ರಿಗೆ ನನ್ನ ಜ್ವರದ ಮೇಲೂ ಗೌರವ ಹುಟ್ಟುತ್ತಿತ್ತು. ಆ ಚಾಳಿ ಹೋಗಿರಲಿಲ್ಲ. ಲಾರಿ ಚಾಲಕನೊಬ್ಬ "ಯಾವನವ ರಸ್ತಾಕ್ಕ ಅಡ್ಡ ಗಾಡಿ ನಿಲ್ಲಸಾಂವ" ಎಂದು ಹಲ್ಲು ಕಡಿದರೆ, ನನ್ನ ಬೆರಳು 'ವಾಹನ ನಿಲುಗಡೆಯ ಕುರಿತು ಮಿತ್ರರು ಗಮನ ಹರಿಸಬೇಕಾಗಿ ಪ್ರಾರ್ಥನೆ' ಎಂದು ಮೂಡಿಸುತ್ತಿತ್ತು. ಬರೆದದ್ದನ್ನು ಅವರಿಗೆ ಓದಿ ಹೇಳುವ ಪದ್ಧತಿ ಇರಲಿಲ್ಲ. ಅವರು ಹೇಳಿ ಹಗುರಾಗಿ ಹೋಗುತ್ತಿದ್ದರು. ಇದನ್ನು ನಾನು ಸಮಾಜಸೇವೆ ಎಂದೇ ತಿಳಿದಿದ್ದೆ ನೋಡಿ.

ಹಾಗೆ ಬರುತ್ತಿದ್ದವರಲ್ಲಿ ಕಸ್ತೂರಕ್ಕ ಒಬ್ಬಳು. ಬಿಜಾಪುರದ ಕಡೆಯವಳು, ಕೋಲ್ವಾದ ಕಡಲದಂಡೆಯಲ್ಲಿ ಮಣಿಸರ ಮಾರುತ್ತಿದ್ದಳು. ಪ್ರತಿ ನವೆಂಬರಿನಲ್ಲಿ ಮಡಗಾಂವಿನಲ್ಲಿ ನಡೆಯುತ್ತಿದ್ದ ಕನ್ನಡಿಗರ ಸಮಾರಂಭ ಅವಳ ಸೋಬಾನ ಪದದಿಂದಲೇ ಶುರುವಾಗುತ್ತಿತ್ತು. ಸರದ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು, ಕಣ್ಣು ಮುಚ್ಚಿ ಹಾಡುತ್ತಿದ್ದಳು. ವರ್ಷವಿಡೀ ದಂಡೆಯ ಮೇಲೆ ಅವಳನ್ನು 'ಏ ಮಾಲಾವಾಲಿ' ಎಂದೇ ಕರೆಯುತ್ತಿದ್ದರು. ಕಸ್ತೂರವ್ವ ಎಂಬ ಅವಳ ಪೂರ್ತಿ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದುದು ಆ ಒಂದು ದಿನ ಮಾತ್ರ. ಆ ದಿನಕ್ಕಾಗಿ ಅವಳು ಒಂದು ಇಳಕಲ್ ಸೀರೆಯನ್ನು ಬೇರೆಯೇ ಎತ್ತಿಡುತ್ತಿದ್ದಳು.

ಆ ವರ್ಷ ಸಮಾರಂಭದ ಕಾರ್ಯದರ್ಶಿಗಳು ನಮ್ಮ ಕಟ್ಟೆಯಲ್ಲಿ ಒಂದು ಸೂಚನೆ ಹಾಕಿದರು. 'ಯಾರ ಭಾವನೆಗೂ ಧಕ್ಕೆಯಾಗದಿರಲಿ ಎಂಬ ವಿನಮ್ರ ಕಳಕಳಿಯಿಂದ ಬರೆಯುತ್ತಿದ್ದೇನೆ. ಈ ಸಲ ಗಣ್ಯ ಅತಿಥಿಗಳು ಬರಲಿದ್ದಾರೆ. ದಿನವಿಡೀ ಮರಳಿನಲ್ಲಿ ಅಲೆದು ದಣಿದಿರುವ ಕಸ್ತೂರವ್ವನವರಿಗೆ ವಿಶ್ರಾಂತಿ ನೀಡಿ, ಪ್ರಾರ್ಥನೆಗೆ ಸಿ.ಡಿ. ಹಾಕಿದರೆ ಹೇಗೆ?' ನಿಯಮದ ಪ್ರಕಾರ ಎಲ್ಲಿಯೂ ತಪ್ಪಿಲ್ಲ. ಬಹುವಚನವೂ ಇತ್ತು. ನನಗೆ ಆ ಭಾಷೆ ಬಹಳ ಹಿಡಿಸಿತು ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ.

ಸುದ್ದಿ ಮುಟ್ಟಿದ ಸಂಜೆಯೇ ಕಸ್ತೂರಕ್ಕ ಬಂದಳು. ಕೂರಲಿಲ್ಲ. ನನ್ನ ಬೆನ್ನ ಹಿಂದೆ ನಿಂತು, ಕಾರ್ಯದರ್ಶಿಗಳಿಗೆ ಬರೆಯಬೇಕಾದ ಉತ್ತರವನ್ನು ಹೇಳತೊಡಗಿದಳು.

"ಬರಿ ತಮ್ಮಾ. ನಾ ದಣದೇನಿ ಅಂತ ನಿನಗ ಯಾರು ಹೇಳ್ಯಾರಪಾ? ಬ್ಯಾಡ ಅನ್ನೂದಿದ್ರ ಬ್ಯಾಡ ಅನ್ನು. ನನ್ನ ಬುಟ್ಟಿ ನೋಡಿ ದೊಡ್ಡ ಮಂದಿ ಮುಂದ ನಿನಗ ನಾಚಿಕಿ ಬರ್ತೈತಿ, ಅದನ್ನ ಖರೇ ಹೇಳು. ಹ್ವಾದ ವರ್ಷ ನಾ ಬಡದ ರೊಟ್ಟಿ ನಾಕ ತಿಂದಿ, ಆವಾಗ ನಾಚಿಕಿ ಎಲ್ಲಿ ಹೋಗಿತ್ತು? ನಾ ಹಾಡಾಕಿ."

ನಾನು ಬರೆದದ್ದು: 'ಮಾನ್ಯರೇ, ತಾವು ತೋರಿದ ಕಾಳಜಿಗೆ ಚಿರಋಣಿ. ಸಾಧ್ಯವಿದ್ದಲ್ಲಿ ಹಾಡಲು ಅವಕಾಶ ಕೊಡಬೇಕಾಗಿ ವಿನಂತಿ. ತಮ್ಮ ತೀರ್ಮಾನಕ್ಕೆ ಬದ್ಧಳು. ಕಸ್ತೂರವ್ವ.'

ಹೊಗಳಿಕೆಯ ಮಳೆ ಸುರಿಯಿತು. ಎಂಥ ಸಂಸ್ಕಾರವಂತ ತಾಯಿ ಎಂದರು ಒಬ್ಬರು. ಇಂಥ ವಿನಯ ಓದಿದವರಲ್ಲೂ ಇಲ್ಲ ಎಂದರು ಇನ್ನೊಬ್ಬರು. ಕೊನೆಗೆ ಕಾರ್ಯದರ್ಶಿಗಳು ಬರೆದರು: 'ಕಸ್ತೂರವ್ವನವರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಸಿ.ಡಿ. ತರಿಸಲಾಗಿದೆ.'

ನಾಲ್ಕು ದಿನ ಬಿಟ್ಟು ಅವಳು ಬಂದಾಗ ನಾನು ಹೊಗಳಿಕೆಗಳನ್ನು ಒಂದೊಂದಾಗಿ ಓದಿದೆ. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು. ಸಿ.ಡಿ. ಮಾತು ಬಂದಾಗ ಅವಳು ಕೈ ಎತ್ತಿದಳು.

"ನಾ ಹೇಳಿದ್ದು ಓದು."

ಓದಿದೆ.

"ಅದು ನಿಂದು. ನಂದು ಓದು."

"ಅವರ ಮನಸಿಗೆ ಬ್ಯಾಸರ ಆಗಬಾರದಂತ ಸ್ವಲ್ಪ ಮೆತ್ತಗ ಮಾಡೇನಿ ಅಕ್ಕಾ."

ಅವಳು ಬುಟ್ಟಿಯನ್ನು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ದನಿ ಏರಲೇ ಇಲ್ಲ. "ಅವ ಹಾಡಷ್ಟ ಬ್ಯಾಡಂದ, ತಮ್ಮಾ. ನೀ ನನ್ನ ಬಾಯೇ ಬ್ಯಾಡಂದಿ."

ಆ ಮಾತು ಇವತ್ತಿಗೂ ನನ್ನೊಳಗೆ ಹಾಗೇ ಇದೆ. ತಿರುಗಿ ಕುಳಿತು, ಅವಳು ಮೊದಲು ಹೇಳಿದ್ದನ್ನು ಮತ್ತೆ ಹೇಳಿಸಿ, ರೊಟ್ಟಿಯ ಲೆಕ್ಕ ಸಮೇತ ಬರೆದೆ. ಮೊದಲಿನದು ನನ್ನ ಬರಹ, ಅವಳದಲ್ಲ ಎಂದೂ ಕೆಳಗೆ ಸೇರಿಸಿದೆ.

ಕಟ್ಟೆ ಹೊತ್ತಿ ಉರಿಯಿತು. ಏಕವಚನವೇ, ನಮ್ಮ ಭಾವನೆಗೆ ನೋವಾಗಿದೆ, ತಕ್ಷಣ ಅಳಿಸಿ ಎಂದು ಸಾಲುಸಾಲಾಗಿ ಬಂತು. ಮೊದಲು ತಾಯಿ ಎಂದವರೇ ಈಗ ಬಾಯಿಬಡುಕಿ ಎಂದರು. ಉಸಗಾಂವದ ಗೌಂಡಿಯೊಬ್ಬ ಮಾತ್ರ "ಅಕ್ಕಾರು ಹಾಡ್ಲಿ ಬಿಡ್ರಿ" ಎಂದು ಬರೆದ. ನನ್ನ ಬೆರಳು ಅಳಿಸುವ ಗುಂಡಿಯ ತನಕ ಹೋಗಿತ್ತು. ನಿಯಮ ನನ್ನದೇ ತಾನೆ. ಆದರೆ ಅವಳನ್ನು ಹೊರಗಿಟ್ಟ ಮಾತು ನಿಯಮದೊಳಗೆ ಆರಾಮವಾಗಿ ಕೂತಿತ್ತು, ಒಳಗೆ ಬಿಡಿ ಎಂದ ಮಾತು ನಿಯಮ ಮುರಿದಿತ್ತು. ಹೊಲಸು ಬೈಗುಳ, ಹೊಡೆಯುತ್ತೇನೆಂಬ ಬೆದರಿಕೆ ಬಂದರೆ ನಾನು ಇವತ್ತೂ ಅಳಿಸುತ್ತೇನೆ, ಅನುಮಾನವಿಲ್ಲದೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಇದ್ದದ್ದು ಒಂದು ಪ್ರಶ್ನೆ, ಅದಕ್ಕೆ ಉತ್ತರ ಕೊಡುವುದು ಯಾರಿಗೂ ಬೇಕಿರಲಿಲ್ಲ. ಹಾಗಾಗಿ ನನ್ನ ನಿಯಮವನ್ನೇ ಅಳಿಸಿದೆ.

ಮರುದಿನ ಕಾರ್ಯದರ್ಶಿಗಳು ಕೆಫೆಗೇ ಬಂದರು.

"ಅಳಸ್ತೀರೋ ಇಲ್ಲೋ?"

"ಇಲ್ರಿ ಸರ್. ನಿಮ್ಮದನ್ನೂ ಅಳಸಿಲ್ಲ, ಅವರದನ್ನೂ ಅಳಸೂದಿಲ್ಲ. ಅವರು ಕೇಳಿದ್ದಕ್ಕ ನೀವ ಉತ್ತರ ಬರೀರಿ."

ಅವರು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕುಳಿತರು. ಬಹಳ ಹೊತ್ತು ಓದಿದರು. ಆಮೇಲೆ ತಮಗೇ ಹೇಳಿಕೊಂಡಂತೆ, "ನಾಕಲ್ಲ, ಮೂರ ರೊಟ್ಟಿ" ಎಂದರು. ಉತ್ತರ ಬರೆಯಲಿಲ್ಲ. ನವೆಂಬರಿನಲ್ಲಿ ಮೈಕು ಹಿಡಿದು ಕಸ್ತೂರವ್ವನ ಹೆಸರನ್ನು ತಾವೇ ಕೂಗಿದರು. ಅವಳು ಬುಟ್ಟಿ ಸಮೇತ ವೇದಿಕೆ ಹತ್ತಿ, ಗಣ್ಯರು ಗಡಿಯಾರ ನೋಡಿಕೊಳ್ಳುವಷ್ಟು ಉದ್ದಕ್ಕೆ ಹಾಡಿದಳು.

ನೀಲವ್ವ ಬಾಗಿಲಲ್ಲಿ ಇನ್ನೂ ನಿಂತೇ ಇದ್ದಳು. ಮೆಟ್ಟಿಲ ತಿರುವಿನಲ್ಲಿ ಯಾರೋ ದಿನಾ ಕಸದ ಚೀಲ ಎಸೆದು ಹೋಗುತ್ತಾರಂತೆ. ಅವಳು ಹೇಳಿದಳು, ನಾನು ಆ ಮೂರು ಉತ್ತರಗಳನ್ನು ಮುಟ್ಟದೆ ಬರೆದೆ. ಕಳಿಸುವ ಮೊದಲು ಗಟ್ಟಿಯಾಗಿ ಓದಿದೆ: "ಓದಿದ ಮಂದಿ ಅದೀರಿ. ನಿಮ್ಮ ಹೊಲಸು ನಾ ಎತ್ತತೇನಿ, ಆದ್ರ ಡಬ್ಬಿಯೊಳಗಿಂದು ಅಷ್ಟ."

ನೀಲವ್ವ ತಲೆ ಅಲ್ಲಾಡಿಸಿದಳು. "ಒಂದು ಮಾತು ಬಿಟ್ರಿ. 'ನಾಚಿಕಿ ಇಲ್ಲೇನು' ಅಂದಿದ್ದೆ."

ಹೌದು, ಬಿಟ್ಟಿದ್ದೆ. ಸೇರಿಸಿ, ಇನ್ನೊಮ್ಮೆ ಓದಿ ಹೇಳಿ, ಅವಳು ಹೂಂ ಎಂದ ಮೇಲೆ ಕಳಿಸಿದೆ.