ಒಂದೂ ತೂತಿಲ್ಲದ ತಟ್ಟೆ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಬಾಯಿಮಾತಿಗೆ ಹೇಳುವವರು ಬೇಕಾದಷ್ಟು ಜನ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಇವಳು. ದಡಾರದ ವೈರಸ್ಸನ್ನು ಹಲ್ಲು ಕಿತ್ತ ಹಾವಿನ ಹಾಗೆ ಪಳಗಿಸಿ, ಅದು ಕ್ಯಾನ್ಸರ್ ಜೀವಕೋಶಗಳೊಳಗೆ ನುಗ್ಗಿ ಅವನ್ನು ಒಡೆಯುವಂತೆ, ಆ ಗಲಾಟೆಗೆ ಮೈಯ ಕಾವಲುಪಡೆ ಎಚ್ಚೆತ್ತು ಉಳಿದ ಕ್ಯಾನ್ಸರನ್ನೂ ಬೆನ್ನಟ್ಟುವಂತೆ ಮಾಡುವುದು ಅವಳ ಕೆಲಸ. ಕಿಟಕಿಯಿಲ್ಲದ ಕೋಣೆ, ಗಾಜಿನ ಪರದೆಯ ಹಿಂದೆ ಎರಡೆರಡು ಗವಸು ತೊಟ್ಟ ಕೈ, ಕಿವಿ ತುಂಬ ಫ್ಯಾನಿನ ಗುಂಯ್‌ಗುಟ್ಟುವಿಕೆ. ಹರೆಯವೆಲ್ಲ ಅಲ್ಲೇ ಸವೆದಿತ್ತು.

"ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಮ್ಮವಳು ರೋಗ ಸಾಕ್ತಾಳೆ" ಎಂದು ಅಕ್ಕ ಹಂಗಿಸುತ್ತಿದ್ದಳು. ಅಕ್ಕನದು ಡ್ರೈವಿಂಗ್ ಸ್ಕೂಲು. ಬೀದಿಯ ಆ ತುದಿಗೂ ಕೇಳಿಸುವ ಗಂಟಲು. ತಾಯಿ ಬೇಗ ಕಣ್ಮುಚ್ಚಿದ ಮನೆಯಲ್ಲಿ ತಂಗಿಗೆ ತಲೆ ಬಾಚಿ, ಗದರಿಸಿ, ಉಣಿಸಿ ಬೆಳೆಸಿದವಳು ಅವಳೇ.

ಅಕ್ಕನಿಗೆ ಬೆನ್ನುನೋವು ಶುರುವಾದಾಗ ಕಾರಿನ ಸೀಟನ್ನು ಬೈದುಕೊಂಡು ಬಹಳ ದಿನ ತಳ್ಳಿದಳು. ಕೊನೆಗೆ ಗೊತ್ತಾದದ್ದು ಮೂಳೆಮಜ್ಜೆಯ ಕ್ಯಾನ್ಸರ್. ಮೊದಲ ಔಷಧಿ ಒಂದಷ್ಟು ಕಾಲ ಹಿಡಿದು ನಿಲ್ಲಿಸಿತು, ಎರಡನೆಯದು ಕೈಕೊಟ್ಟಿತು. ಆಗ ಇವಳು ತಡೆಯಲಾರದೆ ಅಂದುಬಿಟ್ಟಳು: "ಇದೇ ಕಾಯಿಲೆಗೆ ನಮ್ಮ ವೈರಸ್ಸನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡ್ತಿದಾರೆ, ಅಕ್ಕ." ಭಾವನ ಬತ್ತಿದ ಮುಖಕ್ಕೆ ಅಷ್ಟು ದಿನಗಳ ಮೇಲೆ ಕಳೆ ಬಂತು.

ಆದರೆ ಒಮ್ಮೆ ದಡಾರ ಬಂದುಹೋಗಿ ಅದಕ್ಕೆ ತಡೆ ಹುಟ್ಟಿದ ರಕ್ತದಲ್ಲಿ ಈ ವೈರಸ್ ಉಳಿಯುವುದಿಲ್ಲ. ಮಜ್ಜೆಯ ಕ್ಯಾನ್ಸರ್ ಬಂದ ಬಹಳಷ್ಟು ಮಂದಿಯಲ್ಲಿ ಆ ಹಳೆಯ ತಡೆ ಕರಗಿಹೋಗಿರುತ್ತದೆ. ಅಂಥವರಿಗೆ ಮಾತ್ರ ಔಷಧಿ. ಅಕ್ಕನ ರಕ್ತದ ತಿಳಿಯನ್ನು ವೈರಸ್ಸಿನೊಂದಿಗೆ ಬೆರೆಸಿ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಹಾಸಿನ ಮೇಲೆ ಹಾಕಿದರು. ವೈರಸ್ ಬದುಕಿದ್ದರೆ ಹಾಸಿನಲ್ಲಿ ತೂತು ಬೀಳಬೇಕು. ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಸಹೋದ್ಯೋಗಿ ಎದ್ದು ಜಾಗ ಬಿಟ್ಟ. ಇವಳು ಬಗ್ಗಿ ನೋಡಿದಳು. ಹಾಸು ನೇಯ್ದ ಬಟ್ಟೆಯಂತೆ ನುಣ್ಣಗಿತ್ತು. ತಟ್ಟೆಯನ್ನು ಎಷ್ಟು ತಿರುಗಿಸಿದರೂ ಒಂದು ತೂತಿಲ್ಲ.

"ಕೊಟ್ಟು ನೋಡೋಣ ಡಾಕ್ಟ್ರೇ" ಎಂದು ಆಸ್ಪತ್ರೆಯಲ್ಲಿ ಅಂಗಲಾಚಿದಳು.

"ನಿಮಗೆ ನಾನು ಪಾಠ ಹೇಳ್ಬೇಕಾ?" ಎಂದರು ಡಾಕ್ಟರು, ಮೆಲ್ಲಗೆ. "ರಕ್ತದಲ್ಲೇ ಸಾಯುತ್ತೆ. ಆಕೆಗೆ ಜ್ವರ ಒಂದೇ ಲಾಭ."

ಅಕ್ಕ ದಿಂಬಿಗೊರಗಿ ಎಲ್ಲ ಕೇಳಿಸಿಕೊಂಡಳು. "ದಡಾರವಾ? ಮೊದಲು ಬಂದದ್ದು ನಿನಗೆ ಕಣೇ. ದೂರ ಮಲಗು ಅಂತ ಅಪ್ಪ ಬೈದರು. ನೀನು ಬಿಡಬೇಕಲ್ಲ, ನನ್ನ ಕತ್ತು ತಬ್ಬಿಕೊಂಡೇ ಇದ್ದೆ. ಆಮೇಲೆ ನನಗೆ ನಿನಗಿಂತ ಜೋರಾಗಿ ಬಂತು." ಸ್ವಲ್ಪ ನಕ್ಕಳು, ನಗುವಿಗೂ ಪಕ್ಕೆ ನೋಯುತ್ತಿತ್ತು. "ಹೋಗಲಿ ಬಿಡು. ಅಳಬೇಡ. ನೀನು ಅತ್ತರೆ ನಾನು ಮತ್ತೆ ಪಕ್ಕದಲ್ಲಿ ಮಲಗಿಸ್ಕೋಬೇಕಾಗುತ್ತೆ."

ಚಳಿ ಇಳಿಯುವ ಮೊದಲೇ ಅಕ್ಕ ಹೋದಳು. ಎಲ್ಲ ಮುಗಿದ ಮೇಲೆ ಭಾವ ಬಾಗಿಲವರೆಗೆ ಬಂದು, "ಕಾಯಿಲೆಗೆ ನಾನು ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ನೀನು ಆಸೆ ಹುಟ್ಟಿಸಬಾರದಿತ್ತು" ಎಂದ. ಮತ್ತೆ ಅವನು ಇವಳಿಗೆ ಫೋನ್ ಮಾಡಲಿಲ್ಲ. ಇವಳು ಮಾಡಿದರೆ ಎತ್ತಲೂ ಇಲ್ಲ.

ಬೇಸಿಗೆಯಲ್ಲಿ ಒಬ್ಬ ಬಡಗಿ ಲ್ಯಾಬಿಗೆ ಬಂದ. ಅದೇ ಕಾಯಿಲೆ, ಅದೇ ವಾರ್ಡು. ಔಷಧಿ ಅವನಿಗೆ ನಾಟಿತ್ತು. ಮಾಡಿದವರ ಮುಖ ನೋಡಬೇಕೆಂದು ಹಟ ಹಿಡಿದು ಬಂದಿದ್ದ. ಇವಳ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ" ಎಂದ. ಅವನ ಅಂಗೈ ಒರಟಾಗಿ ಬೆಚ್ಚಗಿತ್ತು. ಇವಳ ಹೊಟ್ಟೆಯಲ್ಲಿ ಎದ್ದದ್ದು ಕಿಚ್ಚು. ಈ ಮನುಷ್ಯ ಯಾಕೆ ಬದುಕಬೇಕಿತ್ತು ಅನ್ನಿಸಿತು. ಅನ್ನಿಸಿದ್ದಕ್ಕೆ ಮೈ ಮುದುಡಿತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಕೋಣೆಯ ಹೊರಗೆ ನಿಲ್ಲಿಸಿ ಬಾಗಿಲ ಗಾಜಿನಿಂದ ಎಲ್ಲವನ್ನೂ ತೋರಿಸಿದಳು.

"ಎಲ್ಲರಿಗೂ ಹೀಗೇ ವಾಸಿಯಾಗುತ್ತಾ?" ಎಂದು ಕೇಳಿದ.

"ಇಲ್ಲ" ಎಂದಳು. "ಬಹಳ ಜನಕ್ಕೆ ಆಗಲ್ಲ."

ಈಗ ಅವಳು ದಡಾರ ಬಿಟ್ಟು, ಮನುಷ್ಯರ ರಕ್ತಕ್ಕೆ ಪರಿಚಯವೇ ಇಲ್ಲದ, ಅದಕ್ಕೇ ತಡೆಯೂ ಇರದ ದನದ ವೈರಸ್ ಒಂದನ್ನು ಹಿಡಿದಿದ್ದಾಳೆ. ಅದಿನ್ನೂ ಪಳಗಿಲ್ಲ. ಕ್ಯಾನ್ಸರ್ ಕರಗಿಸುತ್ತದೆ, ಜೊತೆಗೆ ಪರೀಕ್ಷೆಯ ಇಲಿಯನ್ನೂ ಕೊಲ್ಲುತ್ತದೆ. ಬೆಳಿಗ್ಗೆ ಬಂದು ಗೂಡಿನಿಂದ ಸತ್ತವನ್ನು ತೆಗೆದು, ಗವಸು ಬದಲಿಸಿ, ಮತ್ತೆ ಗಾಜಿನ ಮುಂದೆ ಕೂರುತ್ತಾಳೆ.